ನಮ್ಮೋರು ಅಂದುಬಿಟ್ಟೆ

ಆ ಬೇಸಿಗೆಯಲ್ಲಿ ನಾನು ಕೊತ್ತಂಬರಿ ಸೊಪ್ಪು ತರುವುದಕ್ಕೂ ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗುತ್ತಿದ್ದೆ. ಸ್ಯಾನ್ ಡಿಯಾಗೋದಲ್ಲಿ ಅರ್ಧ ಆಯಸ್ಸು ಕಳೆದವಳು ನಾನು. ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಕೆಲಸ, ಸಿಟಿಜನ್ ಆಗಿ ಎಷ್ಟೋ ವರ್ಷ. ಹಾಗಿದ್ದೂ ಕೈಚೀಲದಲ್ಲಿ ಆ ನೀಲಿ ಪುಸ್ತಕ ಇದೆಯೋ ಇಲ್ಲವೋ ಎಂದು ಕಾರು ಹತ್ತುವ ಮುಂಚೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. "ಲೇ, ಸೊಪ್ಪಿನ ಅಂಗಡಿಗೂ ವೀಸಾ ಬೇಕೇನೇ?" ಎಂದು ನನ್ನ ಗಂಡ ಗೇಲಿ ಮಾಡಿದರು. ಮುಂದಿನ ವಾರ ಒಗೆಯಲು ಹಾಕಿದ ಅವರ ಪ್ಯಾಂಟಿನ ಜೇಬಿನಲ್ಲೇ ಪಾಸ್‌ಪೋರ್ಟ್ ಕಾರ್ಡ್ ಸಿಕ್ಕಿತು. ನಾನು ಅದನ್ನು ಊಟದ ಟೇಬಲ್ ಮೇಲಿಟ್ಟೆ.

ಅದು ಇಪ್ಪತ್ತೈದನೇ ಇಸವಿಯ ಬೇಸಿಗೆ, ಕಾಗದಪತ್ರ ಇಲ್ಲದವರನ್ನು ಬೀದಿಬೀದಿಯಲ್ಲಿ ಹಿಡಿದು ದೇಶದಾಚೆ ಕಳಿಸುತ್ತಿದ್ದ ಕಾಲ. ಮಗಳು ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದಳು. ನಾರ್ತ್‌ರಿಜ್‌ನ ಅಪಾರ್ಟ್‌ಮೆಂಟಿನಿಂದ ಅವಳು ಫೋನ್ ಮಾಡಿದಾಗಲೆಲ್ಲ ಹಿಂದುಗಡೆ ಹೆಲಿಕಾಪ್ಟರ್ ಸದ್ದು. "ಅಮ್ಮಾ, ಬಸ್ ಫುಲ್ ಎಂಪ್ಟಿ. ಇಟ್ಸ್ ಸೋ ವಿಯರ್ಡ್," ಎನ್ನುತ್ತಿದ್ದಳು. ಅವಳ ರೂಮ್‌ಮೇಟ್‌ನ ಅಪ್ಪ ಮನೆಮನೆಯ ಹುಲ್ಲು ಕತ್ತರಿಸುವವರು, ಬಾಗಿಲಾಚೆ ಕಾಲಿಟ್ಟಿಲ್ಲವಂತೆ. ಮಾವಿನಹಣ್ಣಿಗೆ ಖಾರದಪುಡಿ ಉದುರಿಸಿ ಮಾರುತ್ತಿದ್ದ ಮೂಲೆಯ ಹೆಂಗಸು ಕಾಣೆ, ಅವಳ ಬಣ್ಣದ ಕೊಡೆ ಮಾತ್ರ ಬೇಲಿಗೆ ಒರಗಿಕೊಂಡೇ ಇದೆಯಂತೆ.

"ನೀನು ಸುಮ್ಮಸುಮ್ಮನೆ ಹೊರಗೆ ಓಡಾಡ್ಬೇಡ," ಎಂದೆ.

"ಐ ವಾಸ್ ಬಾರ್ನ್ ಹಿಯರ್, ಅಮ್ಮಾ."

"ಹಣೆ ಮೇಲೆ ಬರ್ಕೊಂಡಿದೀಯೇನೇ ಹಾಗಂತ?"

ಅವಳು ಫೋನ್ ಇಟ್ಟಳು.

ನಮ್ಮ ಕನ್ನಡದವರ ಪಾಟ್‌ಲಕ್‌ಗಳಲ್ಲಿ ಮಾತ್ರ ಬೇರೆಯೇ ರಾಗ. "ನಾವು ಲೀಗಲ್ ಆಗಿ ಬಂದೋರು ಕಣ್ರೀ, ನಮಗ್ಯಾಕೆ ಭಯ?" ಎಂದು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ ಒಬ್ಬರು ಹೇಳುವುದು, ಉಳಿದವರೆಲ್ಲ ಹೌದ್ಹೌದು ಎಂದು ತಲೆಯಾಡಿಸುವುದು. ಹಾಗೆ ಹೇಳಿದವರೇ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಪಾಸ್‌ಪೋರ್ಟಿನ ಜೆರಾಕ್ಸ್ ಸಾಕೋ ಒರಿಜಿನಲ್ಲೇ ಬೇಕೋ ಎಂದು ಕೇಳಿದರು. ನನಗೆ ನಗುವೂ ಬಂತು, ಮೈಯೂ ಉರಿಯಿತು.

ಈ 'ನಾವು' ಯಾರು, 'ನಮ್ಮೋರು' ಯಾರು ಎನ್ನುವುದು ನಮಗೆ ಮೊದಲಿನಿಂದಲೂ ಒಂದು ಚಟ. ಅಂಗಡಿಯಲ್ಲಿ, ಬೀಚಿನಲ್ಲಿ, ಏರ್‌ಪೋರ್ಟಿನಲ್ಲಿ ನಮ್ಮ ಬಣ್ಣದ ಮುಖ ಕಂಡರೆ ಸಾಕು, ಗಂಡ ಹೆಂಡತಿ ಪಿಸುಗುಟ್ಟಿಕೊಳ್ಳುತ್ತೇವೆ: "ನಮ್ಮೋರಾ?" ನಾನು ಈಗ ಆಂಟಿ ಎಂದು ಕರೆಯುವ ಹೆಂಗಸು ನನಗೆ ಸಿಕ್ಕಿದ್ದೂ ಈ ಪ್ರಶ್ನೆಯಿಂದಲೇ. ಇಪ್ಪತ್ತನೇ ಇಸವಿ, ಕೊರೊನಾ ಬಂದು ಎಲ್ಲ ಮುಚ್ಚಿದ್ದ ಕಾಲ. ಟಾಯ್ಲೆಟ್ ಪೇಪರಿಗೆ ಕ್ಯೂ ನಿಂತಿದ್ದೆವು. ಮುಂದೆ ನಿಂತಿದ್ದ ವಯಸ್ಸಾದ ಹೆಂಗಸಿನ ಮುಖಕ್ಕೆ ಮಾಸ್ಕ್ ಇದ್ದುದರಿಂದ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತಿತ್ತು. ಕಣ್ಣು ಥೇಟ್ ನಮ್ಮ ಕಡೆಯದು, ಹುಬ್ಬು ಕೂಡ.

"ನಮ್ಮೋರೇ," ಎಂದೆ ಗಂಡನಿಗೆ. "ಗುಜರಾತಿನವರು ಇರ್ಬೇಕು."

ಮುಂದೆ ಹೋಗಿ ಇಂಗ್ಲಿಷಿನಲ್ಲಿ, ಇಂಡಿಯಾದಲ್ಲಿ ಯಾವ ಕಡೆಯವರು ನೀವು ಎಂದು ಕೇಳಿಯೇಬಿಟ್ಟೆ. "ಇಂಪೀರಿಯಲ್ ವ್ಯಾಲಿ," ಎಂದರು ಆಕೆ. ಅದು ನಮ್ಮೂರಿನಿಂದ ಪೂರ್ವಕ್ಕೆ ಎರಡು ಗಂಟೆ ದಾರಿ, ಬೆಟ್ಟ ಇಳಿದರೆ ಸಿಗುವ ಮರುಭೂಮಿಯ ಕಣಿವೆ. ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ಆಕೆ ಮಾಸ್ಕಿನೊಳಗೇ ನಕ್ಕರು. "ತಾತ ಪಂಜಾಬಿನವನು. ಅಜ್ಜಿ ಮೆಕ್ಸಿಕೋದವಳು. ನಾನು ಇಂಡಿಯಾ ನೋಡೇ ಇಲ್ಲ." ನಮ್ಮ ಮನೆಯಿಂದ ಎರಡು ಮನೆ ಆಚೆಗೇ ಇದ್ದರು ಅವರು. ಅಷ್ಟು ವರ್ಷ ನಾವು ಅವರನ್ನು ಮೆಕ್ಸಿಕನ್ ಎಂದುಕೊಂಡು, ಕೈಯೆತ್ತಿ 'ಓಲಾ' ಎಂದು ಅವರ ಭಾಷೆಯ ನಮಸ್ಕಾರ ಹೇಳಿ ಕಾರು ಹತ್ತುತ್ತಿದ್ದೆವು. ಅಯ್ಯೋ ರಾಮ!

ಅಂದಿನಿಂದ ನಾನು ಅವರನ್ನು ಆಂಟಿ ಎಂದು ಕರೆಯತೊಡಗಿದೆ. "ನಾನು ನಿನಗೆ ಯಾವ ಸಂಬಂಧದಲ್ಲಿ ಆಂಟಿ?" ಎಂದು ಮೊದಮೊದಲು ಕೇಳುತ್ತಿದ್ದರು.

"ನಮ್ಮಲ್ಲಿ ದೊಡ್ಡೋರನ್ನೆಲ್ಲ ಹಾಗೇ ಕರೆಯೋದು. ಹೆಸರು ಹಿಡಿದು ಕೂಗೋಕಾಗತ್ತಾ?"

"ಸರಿ ಮಿಹಾ," ಎಂದರು. ಸ್ಪ್ಯಾನಿಷ್‌ನಲ್ಲಿ ಅದು ಮಗಳೇ ಎಂದ ಹಾಗೆ. ನಾವಿಬ್ಬರೂ ಆಡುತ್ತಿದ್ದುದು ಇಂಗ್ಲಿಷೇ, ಆದರೆ ಈ ಎರಡು ಮಾತು ಮಾತ್ರ ಹಾಗೆಯೇ ನಿಂತವು.

ಅವರ ತಾತ ಆ ಕಣಿವೆಗೆ ಬಂದಾಗ ಅಲ್ಲಿ ಊರೆಂಬುದೇ ಇರಲಿಲ್ಲವಂತೆ, ಬರೀ ಮರಳು. ಹೇಸರಗತ್ತೆ ಕಟ್ಟಿ ಮಣ್ಣು ಬಳಿದು ಕಾಲುವೆ ತೆಗೆದವರಲ್ಲಿ ಅವರೂ ಒಬ್ಬರು. ಪಂಜಾಬಿನ ನಾಲೆ ನೋಡಿ ಬೆಳೆದವರಿಗೆ ನೀರು ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೂಬು ಕಾಯುವ ಕೆಲಸವನ್ನೂ ಮಾಡಿದರಂತೆ. ನಾನು ಮಂಡ್ಯದ ಕಡೆಯವಳು, ನಾಲೆಯ ನೀರು ಕುಡಿದವಳು. "ನಮ್ಮಲ್ಲಿ ಅವರನ್ನ ನೀರುಗಂಟಿ ಅಂತಾರೆ," ಎಂದೆ. ಆಂಟಿ ಅದನ್ನು ಹೇಳಲು ಹೋಗಿ 'ನೀರ್‌ಗಾಂಟೀ' ಎಂದು ಏನೇನೋ ಮಾಡಿ, ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು.

ನಗುವಂಥದ್ದು ಅಷ್ಟೇ. ಉಳಿದದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ನಿಮ್ಮಂಥವರು ಭೂಮಿ ಕೊಳ್ಳುವ ಹಾಗಿಲ್ಲ ಎಂದು ಕಾನೂನು ಬಂತು. ತಾತ ಒಬ್ಬ ಬಿಳಿಯನ ಹೆಸರಿನಲ್ಲಿ ಬೇನಾಮಿ ಮಾಡಿಸಿ ಹತ್ತಿ ಬೆಳೆದರು. ಅವರಿಗಿಂತ ಮೊದಲು ಬಂದ ಕೆಲವರಿಗೆ ಪೌರತ್ವ ಸಿಕ್ಕಿತ್ತು. ಆಮೇಲೆ ಕೋರ್ಟು, ನೀವು ಬಿಳಿಯರಲ್ಲ, ಕೊಟ್ಟದ್ದೇ ತಪ್ಪು ಎಂದಿತು. ಕೊಟ್ಟದ್ದನ್ನೂ ಕಿತ್ತುಕೊಂಡರು. "ಕೊಟ್ಟದ್ದನ್ನೂನಾ?" ಎಂದು ನಾನು ಎರಡು ಸಲ ಕೇಳಿದೆ. ಹೂಂ ಎಂದು ಆಂಟಿ ತಲೆಯಾಡಿಸಿದರು. ನನ್ನ ಪಾಸ್‌ಪೋರ್ಟಿನ ಚಟ ಶುರುವಾದದ್ದು ಅಲ್ಲಿಂದಲೋ ಏನೋ.

ತಾತ ಸತ್ತಾಗ ಜಮೀನು ಆ ಬಿಳಿಯನದಾಯಿತು. ಸ್ಮಶಾನದ ಹಿಂದಿನ ಸಾಲಿನಲ್ಲಿ ಹೂಳಿದರು. ಸಮಾಧಿ ಮೇಲೆ ಇಟ್ಟಿಗೆಯಷ್ಟು ಸಿಮೆಂಟು, ಅದರ ಮೇಲೆ ಹಸಿ ಇದ್ದಾಗ ಕಡ್ಡಿಯಿಂದ ಗೀಚಿದ ಒಂದೇ ಒಂದು ಪದ: ಹಿಂದೂ. ಹೆಸರಿಲ್ಲ. ತಾತ ಸಿಖ್ಖರು. ರುಮಾಲು ಕಟ್ಟಿದ ಎಲ್ಲರೂ ಆಗಿನವರ ಬಾಯಲ್ಲಿ ಹಿಂದೂಗಳೇ.

ನಮ್ಮ ಕನ್ನಡ ಸಂಘದವರು ಒಂದು ರಾಜ್ಯೋತ್ಸವಕ್ಕೆ 'ಅಮೆರಿಕದಲ್ಲಿ ನಮ್ಮವರ ಹೆಜ್ಜೆ' ಎಂದು ಫೋಟೋ ಪ್ರದರ್ಶನ ಹಾಕಿದರು. ಮೊದಲನೇ ಫೋಟೋ ಮೈಸೂರಿನಿಂದ ಬಂದ ಡಾಕ್ಟರ್ ಅಂಕಲ್ ಒಬ್ಬರದು, ಹಿಮದಲ್ಲಿ ಸೂಟು ಹಾಕಿಕೊಂಡು ನಿಂತದ್ದು. ಅದಕ್ಕೂ ಮುಂಚೆ ಈ ಕಣಿವೆಯವರು ಇದ್ದರಲ್ಲ, ಅವರದ್ದೂ ಒಂದು ಬೋರ್ಡ್ ಹಾಕೋಣ ಎಂದು ನಾನು ಹೇಳಿದೆ. ಅಂಕಲ್ ಕನ್ನಡಕ ಒರೆಸಿಕೊಂಡರು. "ಅವರೆಲ್ಲ ಕೂಲಿಗೆ ಬಂದೋರಮ್ಮ. ಮಿಕ್ಸ್ ಬೇರೆ ಆಗ್ಬಿಟ್ಟಿದಾರೆ. ನಮ್ಮ ಹಿಸ್ಟರಿ ಬೇರೆ."

"ಸಮಾಧಿ ಮೇಲೆ ಹಿಂದೂ ಅಂತ ಬರೆದಿದೆಯಂತೆ ಅಂಕಲ್," ಎಂದು ಯಾರೋ ಹೇಳಿದ್ದೇ ತಡ, ಅವರ ಮುಖ ಅರಳಿತು. "ಹೌದಾ? ಹಂಗಾದ್ರೆ ಫೋಟೋ ತೊಗೊಂಡು ಬನ್ನಿ." ಥೂ! ನಾನು ಎದ್ದು ಬಂದೆ. ಆಂಟಿಗೆ ಇದನ್ನು ಹೇಳಲಿಲ್ಲ.

ಅಷ್ಟು ಹೊತ್ತಿಗೆ ಆಂಟಿಯ ಕಿಡ್ನಿ ಕೈಕೊಟ್ಟಿತ್ತು. ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್, ಬೆಳಗಿನ ಪಾಳಿ. ಕಾರು ಓಡಿಸುವುದನ್ನು ಬಿಟ್ಟಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ, ಇದ್ದ ಒಬ್ಬ ತಂಗಿಮಗ ದೂರದ ಊರಲ್ಲಿ. ಇಪ್ಪತ್ತೈದರ ಪಿತೃಪಕ್ಷದಲ್ಲಿ ನಾನು ಎಡೆಗೆ ಬೇಕಾದ್ದನ್ನು ಹೊಂದಿಸುತ್ತಿದ್ದಾಗ ಮನೆಗೆ ಬಂದರು. ಇದೇನು ಎಂದು ಕೇಳಿದರು. ಹಿರಿಯರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ, ನಮ್ಮ ತಾತನಿಗಾದರೆ ಒಂದು ಕಟ್ಟು ಬೀಡಿ, ಎಲ್ಲ ಇಟ್ಟು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು, ಆಮೇಲೆ ಅವರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ನಾವು ಹೊರಗೆ ನಿಲ್ಲಬೇಕು ಎಂದು ವಿವರಿಸಿದೆ.

"ಹೆಸರು ಹೇಳೋರು ಯಾರೂ ಉಳಿದಿಲ್ಲದಿದ್ದರೆ?" ಎಂದರು.

ಆಂಟಿ ಮನೆಗೆ ಹೋಗಿ, ಟವೆಲಿನಲ್ಲಿ ಸುತ್ತಿದ ಒಂದು ಕಲ್ಲು ಹೊತ್ತುಕೊಂಡು ಬಂದರು. ಚಪಾತಿ ಮಣೆಯಷ್ಟು ಅಗಲದ ಗ್ರಾನೈಟು. ತಾತನ ಹೆಸರು ಇಂಗ್ಲಿಷಿನಲ್ಲೂ ಪಂಜಾಬಿ ಅಕ್ಷರದಲ್ಲೂ ಕೆತ್ತಿಸಿದ್ದರು. ಅದು ಬಂದು ಎಷ್ಟೋ ತಿಂಗಳಾಗಿತ್ತು, ಹಾಸಿಗೆಯ ಕೆಳಗಿಟ್ಟಿದ್ದರು. ತಂಗಿಮಗ ಬೇಡವೇ ಬೇಡ ಎನ್ನುತ್ತಿದ್ದನಂತೆ, ಬಾರ್ಡರ್ ಪಕ್ಕದ ರಸ್ತೆ, ಈಗಿನ ಕಾಲದಲ್ಲಿ ಯಾಕೆ ಹೋಗ್ತೀರಿ ಎಂದು. "ಅವನಿಗೆ ಕಾಯುತ್ತಾ ಕೂತರೆ ಈ ಕಲ್ಲನ್ನ ನನ್ನ ಮೇಲೇ ಇಡಬೇಕಾಗತ್ತೆ. ನೀನು ಡ್ರೈವ್ ಮಾಡ್ತೀಯಾ ಮಿಹಾ? ನನ್ನ ಕೈಯಿಂದಲೇ ಇಡಬೇಕು. ಮಾರನೇ ದಿನ ಬೆಳಿಗ್ಗೆ ಮೆಷೀನಿಗೆ ವಾಪಸ್ ಬಂದುಬಿಟ್ಟರೆ ಸಾಕು."

ಒಂದು ಡಯಾಲಿಸಿಸ್‌ಗೂ ಇನ್ನೊಂದಕ್ಕೂ ನಡುವಿನ ದಿನ ಹೊರಟೆವು. ಗಂಡ ಕಾರಿನ ಕಿಟಕಿಗೆ ಬಂದು, "ಸುಮ್ನೆ ಬಾಯಿ ಮುಚ್ಕೊಂಡು ಹೋಗಿ ಬಾ. ಯಾರಾದ್ರೂ ಕೇಳಿದ್ರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನ ಬಾಯಿ ನಂಗೊತ್ತಲ್ಲ," ಎಂದರು. ನಾನು ಕಿಟಕಿ ಏರಿಸಿದೆ.

ಬೆಟ್ಟ ಹತ್ತುವ ತನಕ ಆಂಟಿ ಮಾತಾಡುತ್ತಿದ್ದರು. ಆಮೇಲೆ ಬಂಡೆಗಳ ಸೀಮೆ ಬಂತು. ಬಲಗಡೆ ದೂರದಲ್ಲಿ ಗಡಿಯ ಕಂದು ಬೇಲಿ ಗುಡ್ಡ ಹತ್ತಿ ಇಳಿದು ನಮ್ಮ ಜೊತೆಜೊತೆಗೇ ಬರುತ್ತಿತ್ತು. ಎದುರು ದಿಕ್ಕಿನಲ್ಲಿ, ಸ್ಯಾನ್ ಡಿಯಾಗೋ ಕಡೆಗೆ ವಾಪಸಾಗುವ ಕಾರುಗಳೆಲ್ಲ ಒಂದು ಚಪ್ಪರದ ಕೆಳಗೆ ಸಾಲಾಗಿ ನಿಂತಿದ್ದವು. ನಾಯಿ, ಯೂನಿಫಾರ್ಮಿನವರು, ಕಂಬದ ಮೇಲೆ ಬಾವುಟ. ಗಡಿ ದಾಟದವರಿಗೂ ಆ ರಸ್ತೆಯಲ್ಲಿ ಬಾರ್ಡರ್ ಪೊಲೀಸರ ತಪಾಸಣೆ, ಹೋಗುವಾಗ ಇಲ್ಲ, ಬರುವಾಗ ಮಾತ್ರ. ಇಬ್ಬರೂ ಅತ್ತ ನೋಡಿದೆವು.

ಕಣಿವೆಗೆ ಇಳಿದರೆ ಬೆಂಕಿಯಂಥ ಬಿಸಿಲು. ಆದರೆ ರಸ್ತೆಯ ಎರಡೂ ಬದಿ ಹಸಿರೋ ಹಸಿರು, ಮಣ್ಣುಬಣ್ಣದ ನೀರು ತುಂಬಿ ಹರಿಯುವ ಕಾಲುವೆ. ನನಗೆ ಒಂದು ಗಳಿಗೆ ನಮ್ಮೂರ ನಾಲೆ ಏರಿಯ ಮೇಲೆ ಹೋಗುತ್ತಿದ್ದೇನೆ ಎನ್ನಿಸಿಬಿಟ್ಟಿತು. ಈ ದೇಶ ಚಳಿಗಾಲದಲ್ಲಿ ತಿನ್ನುವ ಸೊಪ್ಪು ಸದೆಯೆಲ್ಲ ಇಲ್ಲಿಂದಲೇ ಹೋಗುತ್ತದೆ ಎಂದು ಆಂಟಿ ಹೇಳಿದರು. ಊರ ಬಾಗಿಲಲ್ಲಿ ಕಣಿವೆ ಕಟ್ಟಿದವರ ನೆನಪಿಗೆಂದು ದೊಡ್ಡ ಫಲಕವಿತ್ತು. ಕಾರು ನಿಲ್ಲಿಸಿ ಓದಿದೆ. ಕಂಪನಿಯವರು, ಇಂಜಿನಿಯರುಗಳು ಇದ್ದರು. ರುಮಾಲಿನವರ ಸುದ್ದಿಯೇ ಇಲ್ಲ. "ಬಾ ಮಿಹಾ, ಅಲ್ಲೇನು ಹುಡುಕ್ತೀಯ," ಎಂದು ಆಂಟಿ ಒಳಗಿಂದಲೇ ಕರೆದರು.

ಸ್ಮಶಾನದ ಕಾವಲಿನವನಿಗೆ ಮುಂಚೆಯೇ ಫೋನ್ ಮಾಡಿದ್ದೆವು. ಸಣ್ಣ ಕಲ್ಲಾದರೆ ನೀವೇ ಇಟ್ಟುಕೊಳ್ಳಿ ಎಂದಿದ್ದ. ಹಿಂದಿನ ಸಾಲಿನಲ್ಲಿ ಹುಲ್ಲೂ ಇಲ್ಲ, ಬಿರುಕು ಬಿಟ್ಟ ನೆಲ. ಆಂಟಿ ಮಂಡಿಯೂರಿ ಕೂತರು. ನಾನು ಮಾಡುತ್ತೇನೆ ಎಂದರೆ ಕೈ ತಳ್ಳಿದರು. ಉಬ್ಬಿದ ರಕ್ತನಾಳಗಳ ಆ ಕೈಯಲ್ಲೇ ಮಣ್ಣು ಕೆದಕಿ, ಬಕೆಟ್ಟಿನಲ್ಲಿ ಸಿಮೆಂಟು ಕಲಸಿ, 'ಹಿಂದೂ' ಎಂದು ಗೀಚಿದ್ದ ಇಟ್ಟಿಗೆಯ ಮುಂದೆ ಕಲ್ಲನ್ನು ಕೂರಿಸಿದರು. ಬೆರಳಿನಿಂದ ಅಂಚು ಸವರಿದರು. ಆಮೇಲೆ ತಾತನ ಹೆಸರನ್ನು ಗಟ್ಟಿಯಾಗಿ ಕೂಗಿದರು, ದೂರದ ಹೊಲದಲ್ಲಿ ಇರುವವರನ್ನು ಊಟಕ್ಕೆ ಕರೆಯುವ ಹಾಗೆ. ನಾನು ತಂದಿದ್ದ ಕಜ್ಜಾಯ ಕಲ್ಲಿನ ಮುಂದಿಟ್ಟೆ. ಬಾಗಿಲು ಮುಂದೆ ಮಾಡಲು ಅಲ್ಲಿ ಬಾಗಿಲಿಲ್ಲ, ಇಬ್ಬರೂ ಬೆನ್ನು ತಿರುಗಿಸಿ ನಿಂತೆವು. ಆಂಟಿಯ ಮುಖ ಅಷ್ಟು ತಿಳಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸು ಬರುವಾಗ ನಿದ್ದೆ ಹೋದರು. ತಪಾಸಣೆಯ ಚಪ್ಪರ ಕಂಡ ಕೂಡಲೇ ನಾನು ಕೈಚೀಲ ಮುಟ್ಟಿ ನೋಡಿಕೊಂಡೆ. ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ನಮ್ಮ ಮುಂದಿನ ಕಾರುಗಳನ್ನೆಲ್ಲ ಕೈಸನ್ನೆ ಮಾಡಿ ಕಳಿಸಿದ ಅಧಿಕಾರಿ ನಮ್ಮ ಕಾರಿನ ಬಳಿ ಬಗ್ಗಿದ. ಚಿಕ್ಕ ವಯಸ್ಸಿನವನು, ಕಪ್ಪು ಕನ್ನಡಕ.

"ಇಬ್ಬರೂ ಸಿಟಿಜನ್ಸಾ?"

"ಹೌದು," ಎಂದೆ. ನನ್ನ ಉಚ್ಚಾರ ಕೇಳಿಯೂ ಅವನು ನನ್ನತ್ತ ನೋಡಲಿಲ್ಲ. ಆಂಟಿಯ ಮಣ್ಣು ಮೆತ್ತಿದ ಕೈ, ಧೂಳು ಹಿಡಿದ ಮೊಣಕಾಲು ನೋಡಿದ. ಹೊಲದ ಕೆಲಸ ಮಾಡಿ ಬಂದವರಂತೆಯೇ ಇದ್ದರು.

"ನೀವು? ಎಲ್ಲಿ ಹುಟ್ಟಿದ್ದು?"

ಆಂಟಿ ಆಗಷ್ಟೇ ಕಣ್ಣು ಬಿಟ್ಟಿದ್ದರು. ಎಲ್ಲಿದ್ದೇನೆ ಎಂದು ತಿಳಿಯದೆ ನನ್ನ ಮುಖ ನೋಡಿದರು. ಒಂದೇ ಒಂದು ಕ್ಷಣ. ಅಷ್ಟರಲ್ಲಿ ನನ್ನ ಬಾಯಿಗೆ ಮಣ್ಣು ಹಾಕ, ನಾನು ಒದರಿಬಿಟ್ಟೆ: "ಸರ್, ಇವರು ಮೆಕ್ಸಿಕನ್ ಅಲ್ಲ. ಇಂಡಿಯನ್. ನಮ್ಮೋರು. ನನ್ನ ಆಂಟಿ."

ಇದಕ್ಕಿಂತ ಮರ್ಯಾದಸ್ಥ ಪರಿಚಯ ಇನ್ನೊಂದಿಲ್ಲ ಎಂದುಕೊಂಡು ಹೇಳಿದ್ದೆ. ಅವನು ಕನ್ನಡಕ ತೆಗೆದ.

"ನಿಮ್ಮ ಆಂಟಿ. ಇಂಡಿಯಾದಿಂದ. ವಿಸಿಟರ್ ವೀಸಾದಲ್ಲಿ ಬಂದಿದಾರಾ?"

"ಅಲ್ಲ ಅಲ್ಲ, ಅವರು ಇಲ್ಲೇ ಹುಟ್ಟಿದ್ದು."

"ಈಗ ತಾನೇ ಇಂಡಿಯನ್ ಅಂದ್ರಿ."

"ಆಂಟಿ ಅಂದ್ರೆ ಆಂಟಿ ಅಲ್ಲ ಸರ್, ನಮ್ಮಲ್ಲಿ ದೊಡ್ಡೋರನ್ನ..." ಎಂದು ಶುರು ಮಾಡಿದೆ. ಬಿಡಿಸಲು ಹೋದಷ್ಟೂ ಕಗ್ಗಂಟಾಯಿತು. ಕಾರು ಪಕ್ಕಕ್ಕೆ ಹಾಕಿ ಎಂದ, ಬಹಳ ಮೃದುವಾಗಿ.

ನನ್ನ ಪಾಸ್‌ಪೋರ್ಟ್ ಕೈಚೀಲದಲ್ಲಿ ಭದ್ರವಾಗಿತ್ತು. ಅದನ್ನು ನೋಡಿ ಥ್ಯಾಂಕ್ಯೂ ಎಂದು ವಾಪಸು ಕೊಟ್ಟರು. ಹುಟ್ಟಿದಾಗಿನಿಂದ ಈ ನೆಲ ಬಿಟ್ಟು ಕದಲದ ಆಂಟಿಗೆ ಪಾಸ್‌ಪೋರ್ಟೇ ಇರಲಿಲ್ಲ. ಇದ್ದದ್ದು ಡ್ರೈವಿಂಗ್ ಲೈಸೆನ್ಸ್ ಒಂದೇ, ಅದರಲ್ಲಿ ಗಂಡನ ಕಡೆಯ ಸ್ಪ್ಯಾನಿಷ್ ಹೆಸರು. ಲೈಸೆನ್ಸ್ ಸಾಲದು, ನಿಮ್ಮಿಬ್ಬರ ಮಾತು ಹೊಂದುತ್ತಿಲ್ಲ, ವಿಚಾರಿಸಬೇಕು ಎಂದರು. ಬೆಂಚಿನ ಮೇಲೆ ಕೂರಿಸಿದರು. ಬಿಸಿಲು ಇಳಿಯುತ್ತ ಬಂತು. ಆಂಟಿಯ ಕಾಲು ಊದಿಕೊಳ್ಳುತ್ತಿತ್ತು. ಮೆಷೀನಿಗೆ ಹೋಗದಿದ್ದರೆ ಏನಾಗುತ್ತದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಸಮಾಧಿಗೆ ಹೋಗಿ ಬರುತ್ತಿದ್ದೇವೆ, ಬೆಳಿಗ್ಗೆ ಡಯಾಲಿಸಿಸ್ ಇದೆ ಎಂದು ಹೇಳಿದೆ, ಕೂಗಾಡಿದೆ. ನೀವು ಸುಮ್ಮನೆ ಕೂತುಕೊಳ್ಳಿ ಮೇಡಂ ಎಂದರು. ಯಾರನ್ನೋ ಒಂದು ಬಿಳಿ ವ್ಯಾನಿಗೆ ಹತ್ತಿಸುತ್ತಿದ್ದರು. ಆಂಟಿ ಅದನ್ನೇ ನೋಡುತ್ತಿದ್ದರು.

ಆಮೇಲೆ ಅವರೇ ಎದ್ದು ನಿಂತರು. ಆ ಹುಡುಗನನ್ನು ಕರೆದರು. "ಇವಳು ನನ್ನ ಪಕ್ಕದ ಮನೆಯವಳು. ಏನೋ ಬಡಬಡಿಸ್ತಾಳೆ. ನಾನು ಮೆಕ್ಸಿಕನ್. ಕಣಿವೆಯಲ್ಲೇ ಹುಟ್ಟಿದ್ದು, ಅಲ್ಲೇ ಸ್ಕೂಲಿಗೆ ಹೋಗಿದ್ದು. ಬೇಕಿದ್ದರೆ ಫೋನ್ ಮಾಡಿ ಕೇಳಿ."

"ಮನೆಯಲ್ಲಿ ಇಂಡಿಯನ್ ಯಾರಾದ್ರೂ? ಅಪ್ಪ? ತಾತ?"

"ಯಾರೂ ಇಲ್ಲ."

"ಹಾಗಾದ್ರೆ ಇವತ್ತು ಯಾರ ಸಮಾಧಿಗೆ ಹೋಗಿದ್ರಿ?"

ಆಂಟಿ ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಸಿಮೆಂಟು ಒಣಗಿತ್ತು.

"ಯಾರೋ ಒಬ್ಬ ಹಿಂದೂದು," ಎಂದರು. "ಪರಿಚಯದವನು."

ಅದು ಅವನಿಗೆ ಅರ್ಥವಾಯಿತು. ಹೆಸರು, ಮುಖ, ಊರು ಎಲ್ಲ ಈಗ ಒಂದಕ್ಕೊಂದು ಹೊಂದಿದವು. ಒಳಗೆ ಹೋಗಿ ಏನನ್ನೋ ನೋಡಿಕೊಂಡು ಬಂದು, ಕಾದದ್ದಕ್ಕೆ ಸಾರಿ, ಹುಷಾರಾಗಿ ಹೋಗಿ ಎಂದು ಕಳಿಸಿಕೊಟ್ಟ.

ಬೆಟ್ಟ ಇಳಿಯತೊಡಗಿದೆವು. ನಾನು ಅಳುತ್ತಿದ್ದೆ, ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಊರ ದೀಪಗಳು ಕಂಡಮೇಲೆ ಆಂಟಿ ಕಿಟಕಿಯ ಕಡೆ ತಿರುಗಿಕೊಂಡೇ ಕೇಳಿದರು.

"ಮಿಹಾ, ನಾನು ಯಾರೂ ಇಲ್ಲ ಅಂದಾಗ ಅಲ್ಲಿ ಗಾಳಿ ಯಾವ ಕಡೆಗೆ ಬೀಸ್ತಿತ್ತು?"

ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಬೆಂಚಿನ ಮೇಲೆ ಕೂತಷ್ಟು ಹೊತ್ತೂ ನಾನು ಆ ಬಾವುಟವನ್ನೇ ನೋಡುತ್ತಿದ್ದೆ. ಒಂದು ಗಳಿಗೆಯೂ ತಿರುಗದೆ ಅದು ಕಣಿವೆಯ ಕಡೆಗೇ ಹಾರುತ್ತಿತ್ತು.

"ಈ ಕಡೆಗೆ ಆಂಟಿ," ಎಂದೆ. "ಸಮುದ್ರದ ಕಡೆಗೆ."